ಜನಚಳವಳಿಗಳ ಒಗ್ಗೂಡಿಕೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆ

ಭೂಮಿ, ನೀರು, ಮಾನ ಮತ್ತು ಸಹಬಾಳ್ವೆಯ ಪ್ರಶ್ನೆಗಳ ಮೇಲೆ ದಲಿತ, ರೈತ, ಸಾಹಿತ್ಯಕ ಹಾಗೂ ಸೌಹಾರ್ದ ಸಂಘಟನೆಗಳು ಕೈಜೋಡಿಸಿದ ಮಧ್ಯ ಕರ್ನಾಟಕದ ಪರಂಪರೆ. ಇದು 1970ರ ದಶಕದಲ್ಲಿ ಭದ್ರಾವತಿ, ಶಿವಮೊಗ್ಗ, ಹರಿಹರಗಳ ಸುತ್ತ ಬೇರೂರಿತು.

ಸೀಮೆ: ದಾವಣಗೆರೆ ಜಿಲ್ಲೆ ರಚನೆಯಾದ 1997ರವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೂ ಇದ್ದವು. ನ್ಯಾಮತಿಯು 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಚನ್ನಗಿರಿಗೆ ಭದ್ರಾ ನಾಲೆ ಮತ್ತು ಸೂಳೆಕೆರೆ, ಹೊನ್ನಾಳಿಗೆ ತುಂಗಭದ್ರೆ ಆಸರೆಯಾದರೆ, ಜಗಳೂರು ಮಳೆಯನ್ನೇ ನೆಚ್ಚಿದ ಬರದ ನಾಡು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂಬ ನಂಬಿಕೆಯಿಂದ ಬಂಜಾರರಿಗೆ ಪುಣ್ಯಕ್ಷೇತ್ರ. ನೀರಾವರಿಯ ಗದ್ದೆ, ಒಣಬೇಸಾಯದ ಹೊಲ, ತಾಂಡಾ, ಕೇರಿಗಳ ಕಷ್ಟ ಬೇರೆಬೇರೆಯಾದ್ದರಿಂದ ಇಲ್ಲಿ ಒಗ್ಗಟ್ಟನ್ನು ಪ್ರಯತ್ನಪಟ್ಟೇ ಕಟ್ಟಬೇಕಾಯಿತು.

ದಲಿತ ಚಳವಳಿ: 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ‘ಬೂಸಾ’ (ದನದ ಮೇವು) ಎಂದು ಆಡಿದ ಮಾತಿನಿಂದ ಎದ್ದ ಗಲಭೆ ದಲಿತ ಯುವಕರನ್ನು ಒಂದುಗೂಡಿಸಿತು. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪ (1938–1997) ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿ ಬೆಳೆಸಿದವರಲ್ಲಿ ಅಗ್ರಗಣ್ಯರು. ಗ್ರಾಮ, ತಾಲ್ಲೂಕು, ಜಿಲ್ಲೆ, ರಾಜ್ಯ ಹಂತಗಳಲ್ಲಿ ಸಂಚಾಲಕರು ಹೊಣೆ ಹೊತ್ತರು. ಕೇರಿಯ ದೂರು ರಾಜ್ಯಕ್ಕೂ ರಾಜ್ಯದ ಕರೆ ಕೇರಿಗೂ ತಲುಪಿದ್ದು ಈ ವ್ಯವಸ್ಥೆಯಿಂದ. ಹೋರಾಟದ ಹಾಡು, ‘ಪಂಚಮ’ ಪತ್ರಿಕೆ, 1979ರಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆ ಈ ಚಳವಳಿಗೆ ದನಿಯಾದವು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರು ಹಲ್ಲೆಗೊಳಗಾದರು; ಮುಂದೆ ಸರ್ಕಾರ ಆ ಆಚರಣೆಯನ್ನು ನಿಷೇಧಿಸಿತು.

ರೈತ ಚಳವಳಿ: ಶಿವಮೊಗ್ಗದ ಕಬ್ಬು ಬೆಳೆಗಾರರ ಸಂಘಟನೆಯ ಅನುಭವ ಮತ್ತು 1980ರ ನರಗುಂದ–ನವಲಗುಂದ ರೈತ ಬಂಡಾಯದ ಹಿನ್ನೆಲೆಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಸ್ಥಾಪನೆಯಾಯಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದರ ಮುಂದಾಳುಗಳು. ಜಗಳೂರಿನಲ್ಲಿ ನೀರೇ ಮುಖ್ಯ ಬೇಡಿಕೆ: ಭದ್ರಾ ಮೇಲ್ದಂಡೆ ಯೋಜನೆ, ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗಳ ಸುತ್ತ ಪಕ್ಷ, ಜಾತಿ ಮೀರಿ ಜನ ಸೇರಿದ್ದಾರೆ.

ಕಾರ್ಯವಿಧಾನ: ತಾಲ್ಲೂಕು ಕಚೇರಿಯ ಮುಂದಿನ ಧರಣಿ, ಪಾದಯಾತ್ರೆ, ಜಾಥಾ, ಮನವಿಪತ್ರ ಈ ಸಂಘಟನೆಗಳು ಬಳಸುವ ದಾರಿಗಳು. ಬಗರ್ ಹುಕುಂ (ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನು ಉಳುವ) ಸಾಗುವಳಿದಾರರಿಗೆ ಹಕ್ಕುಪತ್ರ, ತಾಂಡಾಗಳಿಗೆ ಕಂದಾಯ ಗ್ರಾಮದ ಸ್ಥಾನ, ದಲಿತರಿಗೆ ಸ್ಮಶಾನ ಭೂಮಿ, 1989ರ ದೌರ್ಜನ್ಯ ತಡೆ ಕಾಯ್ದೆಯ ಜಾರಿ ಇವು ಒಟ್ಟಾಗಿ ಎತ್ತಬಹುದಾದ ಬೇಡಿಕೆಗಳು.

ಸೌಹಾರ್ದ: ಬಾಬಾಬುಡನ್‌ಗಿರಿ ಹಿಂದೂ–ಮುಸ್ಲಿಂ ಪೂಜಾ ಹಕ್ಕಿನ ವಿವಾದದ ಕಾಲದಲ್ಲಿ ರೂಪುಗೊಂಡ ಕರ್ನಾಟಕ ಕೋಮು ಸೌಹಾರ್ದ ವೇದಿಕೆಯು ಲೇಖಕರನ್ನೂ ದಲಿತ, ರೈತ ಕಾರ್ಯಕರ್ತರನ್ನೂ ಒಂದೆಡೆ ತಂದಿತು. 2017ರಲ್ಲಿ ಹತ್ಯೆಯಾದ ಪತ್ರಕರ್ತೆ ಗೌರಿ ಲಂಕೇಶ್ ಅದರಲ್ಲಿ ಸಕ್ರಿಯರಾಗಿದ್ದರು. ಹಿಂದೂ ಮುಸ್ಲಿಮರು ಕೂಡಿ ಮೊಹರಂ ಆಚರಿಸುವ ಹಳ್ಳಿಗಳ ರೂಢಿ ಈ ಕೆಲಸಕ್ಕೆ ಹಳೆಯ ನೆಲೆಗಟ್ಟು.

ಬಿಕ್ಕಟ್ಟು ಮತ್ತು ಮರುಜೋಡಣೆ: ಜಮೀನುಳ್ಳ ರೈತ ಮತ್ತು ಭೂಹೀನ ದಲಿತ ಕೂಲಿಕಾರನ ಹಿತಾಸಕ್ತಿ ಹಲವು ಕಡೆ ಒಂದಾಗಲಿಲ್ಲ. ಕೂಲಿ ಮತ್ತು ಅಸ್ಪೃಶ್ಯತೆಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟ ಮೈತ್ರಿ ಬಾಳುವುದಿಲ್ಲ ಎಂಬುದು ಈ ಚಳವಳಿಗಳು ಕಲಿಸಿದ ಪಾಠ. ದಲಿತ ಸಂಘರ್ಷ ಸಮಿತಿ, ರೈತ ಸಂಘ ಎರಡೂ ಬಣಗಳಾಗಿ ಒಡೆದವು. 2020ರ ಕೃಷಿ ಕಾಯ್ದೆಗಳ ವಿರುದ್ಧ ರೈತ, ದಲಿತ, ಕಾರ್ಮಿಕ ಸಂಘಟನೆಗಳು ‘ಸಂಯುಕ್ತ ಹೋರಾಟ ಕರ್ನಾಟಕ’ದಡಿ ಕೂಡಿದವು. ಅಂಬೇಡ್ಕರ್ ಪರಿನಿರ್ವಾಣ ದಿನವಾದ 2022ರ ಡಿಸೆಂಬರ್ 6ರಂದು ದಲಿತ ಸಂಘರ್ಷ ಸಮಿತಿಯ ಹಲವು ಬಣಗಳು ಬೆಂಗಳೂರಿನಲ್ಲಿ ಒಂದೇ ವೇದಿಕೆ ಏರಿದವು. ರಾಜಧಾನಿಯ ಈ ಐಕ್ಯ ಉಳಿಯಬೇಕಾದರೆ ತಾಲ್ಲೂಕು ಸಂಚಾಲಕರು ತಮ್ಮ ಊರುಗಳಲ್ಲೂ ಒಟ್ಟಿಗೆ ಕೂರಬೇಕು.