ಲಾಬ್‌ಸ್ಟರ್ ರೋಲು, ಗದ್ದೆ ಏಡಿ ಮತ್ತು ಹಂದಿಗೋಡು

ಆಫೀಸಿನ ಕೆಲಸಕ್ಕೆಂದು ಮೂರು ತಿಂಗಳು ಬಾಸ್ಟನ್‌ನಲ್ಲಿದ್ದು ಬಂದ ಮೇಲೆ ನನಗೊಂದು ಹುಚ್ಚು ಹಿಡಿದಿತ್ತು. ಮನೆಯಲ್ಲೇ ಲಾಬ್‌ಸ್ಟರ್ ರೋಲ್ ಮಾಡಬೇಕು! ಮನೆ ಅಂದ್ರೆ ಶಿವಮೊಗ್ಗದ ರವೀಂದ್ರನಗರದ್ದು. ಮಾಡೋದು ಸುಲಭ. ಬೆಣ್ಣೆ ಹಚ್ಚಿ ಕಾವಲಿಯ ಮೇಲೆ ಬಿಸಿ ಮಾಡಿದ ಬನ್ನು, ಅದರೊಳಗೆ ಬೇಯಿಸಿ ಬಿಡಿಸಿದ ಮಾಂಸ. ಮೇಯ್ನ್ ರಾಜ್ಯದವರು ತಣ್ಣಗೆ ಮೇಯನೇಸ್ ಕಲಸುತ್ತಾರೆ, ಕನೆಕ್ಟಿಕಟ್‌ನವರಿಗೆ ಬಿಸಿ ಬೆಣ್ಣೆಯೇ ಆಗಬೇಕು. 1920ರ ದಶಕದಲ್ಲಿ ಕನೆಕ್ಟಿಕಟ್‌ನ ಮಿಲ್‌ಫರ್ಡ್‌ನಲ್ಲಿ ಪೆರ್ರೀಸ್ ಅನ್ನೋ ಹೋಟೆಲಿನಲ್ಲಿ ಇದು ಹುಟ್ಟಿತು ಅಂತಾರೆ.

ಬನ್ನು ಬೇಕರಿಯಿಂದ ಬಂತು (ಒಳಗೆ ಏನು ತುಂಬಿದೆ ಅಂತ ಅವರಿಗೆ ಹೇಳಿಲ್ಲ, ಕ್ಷಮೆ ಇರಲಿ). ಲಾಬ್‌ಸ್ಟರ್? ನಮ್ಮ ಕರಾವಳಿಯ ಲಾಬ್‌ಸ್ಟರಿಗೆ ಆ ದಪ್ಪ ಕೊಂಬುಗಳೇ ಇಲ್ಲ, ಜಾತಿಯೇ ಬೇರೆ. ಕೊನೆಗೆ ಸಾಗರದ ಹತ್ತಿರ ಗದ್ದೆ ಮಾಡುವ ಮಾವನಿಗೆ ಫೋನ್ ಮಾಡಿದೆ. ಆರಿದ್ರಾ ಮಳೆ ಹಿಡಿದಿತ್ತು, ಒಂದು ಬಕೆಟ್ ಏಡಿ ಬಂತು.

ಬಕೆಟ್ ನೋಡಿದ್ದೇ ತಡ, ಅಮ್ಮ ಅಂದಳು: "ಇದನ್ನ ತಿಂದು ಕಾಲು ಕಳ್ಕೋಬೇಡ."

ಆ ಮಾತು ಹಂದಿಗೋಡಿನದು. 1970ರ ದಶಕದ ಮಧ್ಯದಲ್ಲಿ ಸಾಗರ ತಾಲೂಕಿನ ಆ ಊರಿನ ದಲಿತ ಕೇರಿಗಳಲ್ಲಿ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿ ಹಿಡಿದುಕೊಂಡು, ನಡೆಯುತ್ತಿದ್ದವರು ತೆವಳುವ ಹಾಗಾಗುತ್ತಿತ್ತು. ಹೊಸ ಭತ್ತದ ತಳಿ, ಹೊಸ ಕೀಟನಾಶಕಗಳ ಕಾಲ ಅದು. ಗದ್ದೆಗೆ ಪ್ಯಾರಾಥಿಯಾನ್, ಎಂಡ್ರಿನ್ ಹೊಡೆಯುತ್ತಿದ್ದರು. ಕೂಲಿಗೆ ಹೋದವರು ಅದೇ ಗದ್ದೆಯ ಏಡಿ, ಮೀನು ಹಿಡಿದು ಸಾರು ಮಾಡುತ್ತಿದ್ದರು. ವಿಷ ಏಡಿಗೆ, ಏಡಿ ಹೊಟ್ಟೆಗೆ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತು ನೋಡಿ!

ಆದರೆ 1977ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಇದನ್ನು ಮಲೆನಾಡಿನ 'ಕೌಟುಂಬಿಕ' ಸಂಧಿವಾತ ಅಂತ ಕರೆದಿದ್ದರು. ಮುಂದೆ ಐಸಿಎಂಆರ್ ನಡೆಸಿದ ಅಧ್ಯಯನ ಇದು ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷ ಅಂದಿತು. ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು. ಏಡಿಗೆ ಖುಲಾಸೆ. ರೋಗಿಗಳಿಗೆ ಮಾತ್ರ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ.

ನನಗೆ ಚುಚ್ಚುವುದು ಇನ್ನೊಂದು. ಕೀಟನಾಶಕದ ಅನುಮಾನ ಬಂದದ್ದು ತಪ್ಪಲ್ಲ, ಬರಲೇಬೇಕಿತ್ತು. ಆದರೆ ಊರ ಬಾಯಲ್ಲಿ ಉಳಿದದ್ದು "ಔಷಧಿ ಯಾಕೆ ಹೊಡೆದ್ರಿ" ಅನ್ನೋದಲ್ಲ, "ಏಡಿ ಯಾಕೆ ತಿಂದ್ರಿ" ಅನ್ನೋದು. ಆಗ ಅಮ್ಮ ಏಳು ವರ್ಷದ ಹುಡುಗಿ. ಮಳೆಗಾಲದಲ್ಲಿ ದೊಂದಿ ಹಿಡಿದು ಏಡಿಗೆ ಹೋಗುತ್ತಿದ್ದ ಮನೆಯಲ್ಲಿ ಅಜ್ಜಿ ಒಮ್ಮೆಗೇ ಏಡಿ ನಿಲ್ಲಿಸಿದಳಂತೆ. ಭಯಕ್ಕೋ ನಾಚಿಕೆಗೋ, ಅಮ್ಮನಿಗೂ ಗೊತ್ತಿಲ್ಲ.

ನಾಚಿಕೆಯ ವಿಷಯದಲ್ಲಿ ಲಾಬ್‌ಸ್ಟರ್ ಏಡಿಗಿಂತ ಹಿರಿಯ. 1623ರಲ್ಲಿ ಪ್ಲಿಮತ್ ವಸಾಹತಿಗೆ ಹೊಸಬರು ಬಂದಿಳಿದಾಗ ಅವರ ಮುಂದಿಡಲು ಇದ್ದದ್ದು ಲಾಬ್‌ಸ್ಟರ್ ಅಥವಾ ಮೀನು ಮಾತ್ರ, ಬ್ರೆಡ್ಡೇ ಇರಲಿಲ್ಲ ಅಂತ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾನೆ. (ವಾರಕ್ಕೆ ಇಷ್ಟೇ ಸಲ ಲಾಬ್‌ಸ್ಟರ್ ಹಾಕಬೇಕು ಅಂತ ಆಳುಗಳು ಕರಾರು ಮಾಡಿಕೊಂಡಿದ್ದರು ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ. ಅಂಥ ಕರಾರು ಯಾರಿಗೂ ಸಿಕ್ಕಿಲ್ಲ, ನಂಬಬೇಡಿ.) ಆಮೇಲೆ ಡಬ್ಬಿ ಕಾರ್ಖಾನೆ ಬಂತು, ರೈಲು ಬಂತು, ಪ್ರವಾಸಿಗರು ಬಂದರು, ಬೆಲೆ ಏರಿತು. ಏಡಿಗೆ ಇದ್ಯಾವುದೂ ಬರಲಿಲ್ಲ.

ಮಾವ ಗದ್ದೆಗೆ ಔಷಧಿ ಬಿಟ್ಟು ವರ್ಷಗಳಾಗಿವೆ ಅಂತ ಅಮ್ಮನಿಗೆ ಹೇಳಿ ಒಲೆ ಹಚ್ಚಿದೆ. ಇಪ್ಪತ್ತು ಏಡಿ ಚೆನ್ನಾಗಿ ಬೇಯಿಸಿದೆ. ಅರೆಬೆಂದ ಸಿಹಿನೀರಿನ ಏಡಿಯಿಂದ ಶ್ವಾಸಕೋಶಕ್ಕೆ ಹುಳ ಹೋಗಬಹುದು, ಆ ಭಯ ಮಾತ್ರ ನಿಜ. ಒಂದು ಗಂಟೆ ಕೂತು ಬಿಡಿಸಿದರೂ ಎರಡು ಬನ್ನಿಗಾಗುವಷ್ಟು ಮಾಂಸ ಬರಲಿಲ್ಲ. ನನ್ನ ಅವಸ್ಥೆ ನೋಡಲಾರದೆ ಅಮ್ಮ ಪಕ್ಕಕ್ಕೆ ಬಂದು ಕೂತಳು. ಒಂದು ಕೊಂಬನ್ನು ಹಲ್ಲಲ್ಲಿ ಕಟಕ್ಕನೆ ಒಡೆದು ಮಾಂಸ ಇಡಿಯಾಗಿ ಎಳೆದು ತೆಗೆದಳು. ಮೇಯನೇಸ್ ಬಾಟಲಿ ಮೂಸಿ ನೋಡಿ ಪಕ್ಕಕ್ಕಿಟ್ಟು, ಸೂಜಿಮೆಣಸು ಎಲ್ಲಿದೆ ಅಂತ ಹುಡುಕಲು ಎದ್ದಳು.