ಕೆರೆಯ ನೀರು ಮತ್ತು ಪೌರನೀತಿಯ ಪಾಠ

ಸಮಾನತೆಯ ಹಕ್ಕು ಎಂದರೇನು? ಎರಡು ಅಂಕದ ಪ್ರಶ್ನೆ. ನಾವೂ ಬಾಯಿಪಾಠ ಮಾಡಿ ಬರೆದು ಎರಡಕ್ಕೆ ಎರಡೂ ತಗೊಂಡವರೇ. ಪಾಠ ಮುಗಿದು ಬಾಯಾರಿದಾಗ ಮಾತ್ರ ಶಾಲೆಯ ಗಡಿಗೆ ಮುಟ್ಟುವ ಹಾಗಿರಲಿಲ್ಲ. ಯಾರಾದರೂ ಮೇಲಿನಿಂದ ಹೊಯ್ಯಲಿ ಅಂತ ಬೊಗಸೆ ಒಡ್ಡಿ ಕಾಯಬೇಕಿತ್ತು. ಪಾಠಕ್ಕೂ ಗಡಿಗೆಗೂ ಏನು ಸಂಬಂಧ ಅಂತ ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದು ತಿಳಿಯಬೇಕಾದರೆ ಮಹಾಡ್‌ಗೆ ಹೋಗಬೇಕು.

ಮಹಾಡ್ ಇಂದಿನ ರಾಯಗಡ, ಅಂದಿನ ಕೊಲಾಬಾ ಜಿಲ್ಲೆಯ ಊರು. 1923ರಲ್ಲಿ ಮುಂಬಯಿ ಶಾಸನಸಭೆ ಎಸ್. ಕೆ. ಬೋಲೆ ಮಂಡಿಸಿದ ಠರಾವನ್ನು ಒಪ್ಪಿತು: ಸಾರ್ವಜನಿಕ ಹಣದ ಬಾವಿ, ಕೆರೆ, ಧರ್ಮಶಾಲೆ, ಜೊತೆಗೆ ಸರ್ಕಾರಿ ಶಾಲೆ, ಕಚೇರಿ, ದವಾಖಾನೆ ಅಸ್ಪೃಶ್ಯರಿಗೂ ತೆರೆದಿರಬೇಕು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಸೀಮೆಯೂ ಆಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಮಹಾಡ್ ಪುರಸಭೆ 1924ರಲ್ಲಿ ಚವದಾರ್ ಕೆರೆ ಎಲ್ಲರದು ಎಂದು ಬರೆದುಕೊಂಡಿತು. ಬರೆದದ್ದು ಪುಸ್ತಕದಲ್ಲೇ ಉಳೀತು. ದನಕರು ಇಳಿಯಬಹುದಾದ ಕೆರೆಗೆ ಅಸ್ಪೃಶ್ಯ ಇಳಿಯುವ ಹಾಗಾಗಲಿಲ್ಲ.

1927ರ ಮಾರ್ಚ್ 19, 20ರಂದು ಅಲ್ಲಿ ಸಮ್ಮೇಳನ. ಸೇರಿದ ಜನಕ್ಕೆ ಕುಡಿಯೋ ನೀರನ್ನೇ 40 ರೂಪಾಯಿ ಕೊಟ್ಟು ಕೊಳ್ಳಬೇಕಾಯಿತು. ಎರಡನೇ ದಿನ ಬಾಬಾಸಾಹೇಬರ ಹಿಂದೆ ಸಾವಿರಾರು ಮಂದಿ ಸಾಲಾಗಿ ನಡೆದು ಹೋಗಿ ಬೊಗಸೆಯಲ್ಲಿ ಕೆರೆಯ ನೀರು ಕುಡಿದರು. ಮಾಡಿದ್ದು ಅಷ್ಟೆ. ಇನ್ನು ದೇವಸ್ಥಾನಕ್ಕೂ ನುಗ್ತಾರೆ ಅಂತ ಸುದ್ದಿ ಹಬ್ಬಿಸಿ, ದೊಣ್ಣೆ ಹಿಡಿದು ಅವರ ಮೇಲೆ ಬಿದ್ದರು. ಆಮೇಲೆ 108 ಗಡಿಗೆ ನೀರು ತೆಗೆದು, ಸಗಣಿ, ಗಂಜಲ, ಹಾಲು, ಮೊಸರು ಬಳಸಿ ಕೆರೆಯನ್ನು 'ಶುದ್ಧ' ಮಾಡಿಕೊಂಡರು. ಸಗಣಿಯಿಂದ ಶುದ್ಧವಾಗುವ ನೀರು ಮನುಷ್ಯನ ಕೈಯಿಂದ ಕೆಡುತ್ತದಂತೆ! ಅದೇ ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸು ತಗೊಂಡಿತು.

ಡಿಸೆಂಬರಿನಲ್ಲಿ ಮತ್ತೆ ಜನ ಸೇರಿದರು. ಅಷ್ಟರಲ್ಲಿ ಸವರ್ಣೀಯರು ಕೆರೆ ತಮ್ಮ ಖಾಸಗಿ ಸ್ವತ್ತು ಎಂದು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. 25ರಂದು ಮನುಸ್ಮೃತಿ ಸುಟ್ಟ ಜನ ಜೈಲಿಗೂ ತಯಾರಾಗಿದ್ದರು. ಆದರೂ ಬಾಬಾಸಾಹೇಬರು ಮನವೊಲಿಸಿ ಅವರನ್ನು ಕೆರೆಗಿಳಿಯದಂತೆ ತಡೆದರು. ಮನುವಿನ ಕಟ್ಟಳೆ ಸುಟ್ಟವರು ಕೋರ್ಟಿನ ಆಜ್ಞೆಗೆ ನಿಂತರು. ಆಡಿದ ಮಾತಿಗೆ ತಪ್ಪಿದ್ದು ಪುರಸಭೆ. ನಾಗರಿಕನ ಕರ್ತವ್ಯ ಅಂದರೆ ರಸ್ತೆಯಲ್ಲಿ ಕಸ ಹಾಕದಿರುವುದು ಅಂತ ಕಲಿಸುವವರು ಇದನ್ನೂ ಕಲಿಸಲಿ. ಅಂದು ನಿಂತದ್ದು ಸರಿಯೇ, ಇಳಿದುಬಿಡಬೇಕಿತ್ತೇ? ನಮ್ಮೊಳಗೇ ಈ ಜಗಳ ಮುಗಿದಿಲ್ಲ. ಮಕ್ಕಳೂ ತರಗತಿಯಲ್ಲಿ ಜಗಳವಾಡಲಿ. ಅಸ್ಪೃಶ್ಯರನ್ನು ಹೊರಗಿಡುವ ಅನಾದಿ ರೂಢಿ ರುಜುವಾತಾಗಿಲ್ಲ ಎಂದು ಮುಂಬಯಿ ಹೈಕೋರ್ಟು ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ರಂದು. ಬೊಗಸೆ ನೀರಿಗೆ 10 ವರ್ಷ.

ಈಗ ಸಂವಿಧಾನದ 15ನೇ ವಿಧಿ ತೆಗೆದು ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆದಿದೆ. ದೇಶದ ಮೂಲ ಕಾನೂನಿನಲ್ಲಿ ಬಾವಿ ಕೆರೆಗೇನು ಕೆಲಸ? ಇದು ಎರಡು ಅಂಕದ ಪ್ರಶ್ನೆಯಲ್ಲ. ಇದನ್ನು ಹುಡುಗರು ಕೇಳುವಂತೆ ಮಾಡುವುದು ಹಳ್ಳಿ ಮೇಷ್ಟ್ರ ಕೈಯಲ್ಲಿದೆ. ಕರಿಹಲಗೆ ಮೇಲೆ 1923, 1924, 1927, 1937, 1950 ಅಂತ ಬರೆಯಿರಿ. ನಡುವಿನ ಖಾಲಿ ಜಾಗದಲ್ಲಿ ಯಾರು ಏನು ಮಾಡಿದರು ಅಂತ ಮಕ್ಕಳು ತುಂಬಲಿ. ಆಮೇಲೆ ಊರಿನ ಬಾವಿಕಟ್ಟೆ, ಹೋಟೆಲಿನ ಲೋಟ, ತಮ್ಮದೇ ಬಿಸಿಯೂಟದ ಪಂಕ್ತಿ ಹೇಗಿವೆ ಅಂತ ನೋಡಿ ಬರಲಿ.