ನರ್ಸಿಂಗ್ ಶಿಕ್ಷಣದಲ್ಲಿ ಅಂಕದುಬ್ಬರ

ಕಲಿಕೆ ಇದ್ದಲ್ಲೇ ಇದ್ದು ಅಂಕ ಮಾತ್ರ ಏರುತ್ತ ಹೋಗುವುದೇ ಅಂಕದುಬ್ಬರ. ನರ್ಸಿಂಗ್‌ನಲ್ಲಿ ಅದು ಥಿಯರಿ ಪರೀಕ್ಷೆಗಿಂತ ಹೆಚ್ಚಾಗಿ ವಾರ್ಡಿನಲ್ಲಿ ಕಾಣುತ್ತದೆ. ಉತ್ತರಪತ್ರಿಕೆಯನ್ನು ಇನ್ನೊಬ್ಬರು ಮತ್ತೆ ತಿದ್ದಿ ನೋಡಬಹುದು. ಇಂಜೆಕ್ಷನ್ ಕೊಡುವಾಗ ವಿದ್ಯಾರ್ಥಿನಿಯ ಕೈ ಹೇಗಿತ್ತು, ನರಳುತ್ತಿದ್ದ ರೋಗಿಯನ್ನು ಹೇಗೆ ಮಾತಾಡಿಸಿದಳು ಎಂಬುದಕ್ಕೆ ಪಕ್ಕದಲ್ಲಿದ್ದ ಹಿರಿಯ ನರ್ಸ್ ಒಬ್ಬರೇ ಸಾಕ್ಷಿ.

ಈ ವಿಷಯ ಬ್ರಿಟನ್ನಿನಲ್ಲಿ ಬಹಿರಂಗ ಚರ್ಚೆಗೆ ಬಂದದ್ದು 2003ರಲ್ಲಿ, ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಡಫಿ ಅವರ ಅಧ್ಯಯನದಿಂದ. ಅವರು ಕಂಡಂತೆ, ಸಾಮರ್ಥ್ಯದ ಬಗ್ಗೆ ಅನುಮಾನವಿದ್ದರೂ ವಾರ್ಡಿನ ಮೇಲ್ವಿಚಾರಕರು ವಿದ್ಯಾರ್ಥಿಗಳನ್ನು ಪಾಸು ಮಾಡುತ್ತಿದ್ದರು. ಮೊದಲ ವರ್ಷದಲ್ಲಿ ‘ಇನ್ನೂ ಕಲಿಯುತ್ತಾಳೆ, ಇರಲಿ’ ಎಂಬ ಉದಾರತೆ. ಕೊನೆಯ ವರ್ಷದಲ್ಲಿ ‘ಇಷ್ಟು ದೂರ ಬಂದವಳನ್ನು ಈಗ ತಡೆಯುವುದು ಹೇಗೆ’ ಎಂಬ ಸಂಕಟ. ಹಿಂದಿನವರು ಕೊರತೆಯನ್ನು ಕಂಡಿದ್ದರೂ ಬರೆದಿಟ್ಟಿಲ್ಲವಾದರೆ, ಕೊನೆಗೆ ಫೇಲು ಮಾಡಹೊರಟವರ ಕೈಯಲ್ಲಿ ಪುರಾವೆಯೇ ಇರುವುದಿಲ್ಲ. ಇದನ್ನು ಬರೀ ಅಂಜಿಕೆ ಎನ್ನುವುದು ಅನ್ಯಾಯ. ತುಂಬಿದ ವಾರ್ಡಿನಲ್ಲಿ ರೋಗಿಗಳನ್ನೂ ನೋಡಿಕೊಂಡು ಕಲಿಸುವವರು ಅವರು.

2018ರಲ್ಲಿ ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಕಲಿಸುವ ಹೊಣೆಯನ್ನೂ ಪಾಸು-ಫೇಲು ನಿರ್ಧರಿಸುವ ಹೊಣೆಯನ್ನೂ ಬೇರೆ ಬೇರೆಯವರಿಗೆ ವಹಿಸಿತು. ಸರಿಯಾದ ಹೆಜ್ಜೆಯೇ: ದಿನವೂ ಜೊತೆಗೆ ದುಡಿಯುವವರೇ ವಿದ್ಯಾರ್ಥಿನಿಯ ಭವಿಷ್ಯಕ್ಕೆ ಕತ್ತರಿ ಹಾಕಬೇಕಾದ ಇಕ್ಕಟ್ಟು ಅದರಿಂದ ತಗ್ಗಿತು.

ಅಮೆರಿಕದಲ್ಲಿ ಕಾಲೇಜಿನ ಅಂಕ ಎಷ್ಟೇ ಇರಲಿ, ಲೈಸೆನ್ಸ್ ಸಿಗಬೇಕಾದರೆ ಎನ್‌ಸಿಎಲ್‌ಇಎಕ್ಸ್ ಪರೀಕ್ಷೆ ದಾಟಬೇಕು. ಆದರೆ ಅದು ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. 2023ರ ಜನವರಿಯಲ್ಲಿ ಫ್ಲಾರಿಡಾದ ಮೂರು ಕಾಲೇಜುಗಳಿಂದ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮಾರಾಟವಾದದ್ದು ಬಯಲಾಯಿತು. ಕೊಂಡವರಲ್ಲಿ ಸುಮಾರು 2,400 ಮಂದಿ ಆ ಪರೀಕ್ಷೆಯನ್ನೂ ಪಾಸಾಗಿದ್ದರು. ಇದು ಅಂಕದುಬ್ಬರವಲ್ಲ, ನೇರ ವಂಚನೆ. ಆದರೂ ವಾರ್ಡಿನ ಮೌಲ್ಯಮಾಪನ ಪೊಳ್ಳಾದರೆ ಕೊನೆಯ ಲಿಖಿತ ಪರೀಕ್ಷೆ ಅದನ್ನು ಹಿಡಿಯಲಾರದು ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ಬೇಕಿಲ್ಲ.

ಕೈಚಳಕವನ್ನೇ ಒರೆಗೆ ಹಚ್ಚುವ ‘ಓಸ್ಕಿ’ ಪರೀಕ್ಷೆಯನ್ನು ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಹೋದ್ಯೋಗಿಗಳು ರೂಪಿಸಿ, 1975ರಲ್ಲಿ ಪ್ರಕಟಿಸಿದರು. ಮೂಲತಃ ವೈದ್ಯ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಇದು ಈಗ ಬ್ರಿಟನ್ನಿಗೆ ಹೋಗುವ ಕರ್ನಾಟಕದ ನರ್ಸ್‌ಗಳಿಗೂ ಕಡ್ಡಾಯ. ಊರಿನ ಕಾಲೇಜು ಧಾರಾಳವಾಗಿ ಕೊಟ್ಟ ಇಂಟರ್ನಲ್ ಮಾರ್ಕ್ಸ್ ಅಲ್ಲಿ ನೆರವಿಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಹತ್ತು ಸ್ಟೇಷನ್‌ಗಳು (ಒಂದೊಂದರಲ್ಲೂ ಒಂದೊಂದು ಕೆಲಸ), ಪ್ರತಿಯೊಂದಕ್ಕೂ ನಿಗದಿತ ಸಮಯ. ಮಾತ್ರೆ ಕೊಡುವ ಮುನ್ನ ರೋಗಿಯ ಹೆಸರನ್ನು ಖಚಿತಪಡಿಸಿಕೊಂಡರೇ, ಅಲರ್ಜಿ ಇದೆಯೇ ಎಂದು ವಿಚಾರಿಸಿದರೇ ಎಂಬುದನ್ನು ಪರೀಕ್ಷಕರು ಗುರುತು ಹಾಕಿಕೊಳ್ಳುತ್ತಾರೆ.